ಹಿಂದಿನ ಚಕ್ರದ ಗಾಡಿ, ಜಾರುವ ದಾರಿ

ಓದುಗರ ಪ್ರಶ್ನೆ: ವಾಹನ ವಿಭಾಗ

ಈ ಸಲ ಟಯರಿನ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವು ಹಿಮದ ಊರಿನವು, ಕೆಲವು ನಮ್ಮ ಮಳೆಯವು. ಗಾಡಿ ಮಾತ್ರ ಎಲ್ಲದರಲ್ಲೂ ಒಂದೇ ಜಾತಿಯದ್ದು, ಎಂಜಿನ್ ಹಿಂದಿನ ಎರಡು ಚಕ್ರಗಳನ್ನು ತಿರುಗಿಸುವಂಥದ್ದು.

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿ ಹಳೆಯ ಬಿಎಂಡಬ್ಲ್ಯು 320ಡಿ ತೆಗೆದುಕೊಂಡಿದ್ದಾನೆ. ಎಂಜಿನ್ ತಿರುಗಿಸುವುದು ಹಿಂದಿನ ಚಕ್ರ, ಹಾಗಾಗಿ ಚಳಿಗಾಲದ ಟಯರ್ ಹಿಂದಿನ ಎರಡಕ್ಕೆ ಸಾಕು ಎಂದು ಅವನ ವಾದ. ನನಗೆ ಸರಿ ಕಾಣುವುದಿಲ್ಲ. ಯಾವ ಟಯರ್, ಯಾವ ಅಳತೆ ಎಂದೂ ತಿಳಿಸಿ. (ಕದ್ರಿಯಿಂದ ಒಬ್ಬ ತಂದೆ)

ನಿಮಗೆ ಕಂಡದ್ದೇ ಸರಿ. ನಾಲ್ಕಕ್ಕೂ ಒಂದೇ ಕಂಪನಿಯ, ಒಂದೇ ಮಾದರಿಯ ಚಳಿಗಾಲದ ಟಯರ್ ಬೇಕು. ಮಗನ ವಾದ ಗಾಡಿ ಹೊರಡುವ ತನಕ ಸರಿ. ಹೊರಟದ್ದು ತಿರುಗಬೇಕಲ್ಲ, ನಿಲ್ಲಬೇಕಲ್ಲ? ಸ್ಟೇರಿಂಗ್ ಇರುವುದು ಮುಂದಿನ ಚಕ್ರಕ್ಕೆ. ಬ್ರೇಕ್ ಒತ್ತಿದಾಗ ಭಾರ ಬೀಳುವುದೂ ಮುಂದಿನ ಚಕ್ರಕ್ಕೆ. ಅಲ್ಲಿ ಬೇಸಿಗೆಯ ಟಯರ್ ಉಳಿಸಿಕೊಂಡರೆ ಗಾಡಿ ಒಂದು ಸಿಗ್ನಲಿನಿಂದ ಚಂದ ಹೊರಟು, ಮುಂದಿನ ಸಿಗ್ನಲಿನಲ್ಲಿ ಎದುರಿನವರ ಡಿಕ್ಕಿಯೊಳಗೆ ಹೋಗಿ ನಿಲ್ಲುತ್ತದೆ. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು: ಮುಂದೆ ಮಾತ್ರ ಒಳ್ಳೆಯ ಟಯರ್ ಹಾಕಿದರೆ ಮೂತಿ ಕಚ್ಚಿಕೊಂಡು ನಿಲ್ಲುತ್ತದೆ, ಬಾಲ ಸುತ್ತಿ ಮುಂದೆ ಬರುತ್ತದೆ.

ಒಂದು ಲೆಕ್ಕ ಅವನಿಗೆ ಕಳುಹಿಸಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ಡಾಮರಿನಲ್ಲಿ ಗಾಡಿ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ, ಒದ್ದೆ ರಸ್ತೆಯಲ್ಲಿ 20 ಮೀಟರ್ ಬೇಕು. ತುಳಿದು ಗಟ್ಟಿಯಾದ ಹಿಮದ ಮೇಲೆ 40ರ ಆಸುಪಾಸು. ಬರೀ ಮಂಜುಗಡ್ಡೆಯ ಮೇಲೆ 100 ಮೀಟರಿಗೆ ಹತ್ತಿರ. ಕಾಲು ಬ್ರೇಕಿಗೆ ಹೋಗುವ ಮೊದಲು ಓಡಿದ ದೂರ ಇದರಲ್ಲಿ ಸೇರಿಲ್ಲ. ಚಳಿಗಾಲದ ಟಯರ್ ಈ ದೂರವನ್ನು ತಗ್ಗಿಸಲಿಕ್ಕೆ ಇರುವುದು. ಹೊರಡುವ ಸುಖ ಅದರ ಜತೆಗೆ ಬಂದ ಲಾಭ, ಅಷ್ಟೇ.

ಟಯರಿನಲ್ಲಿ ಅಂಥ ವ್ಯತ್ಯಾಸ ಎಂತ ಉಂಟು ಎಂದರೆ, ಮೊದಲು ರಬ್ಬರ್. ಇಲ್ಲಿ ನೀರಿನಂತೆ ಇರುವ ತೆಂಗಿನೆಣ್ಣೆ ಡಿಸೆಂಬರಿನಲ್ಲಿ ಚಿಕ್ಕಮಗಳೂರಿಗೆ ಹೋದರೆ ಬಾಟಲಿಯಲ್ಲೇ ಕಟ್ಟಿಕೊಳ್ಳುತ್ತದಲ್ಲ, ಬೇಸಿಗೆ ಟಯರಿನ ರಬ್ಬರೂ ಸುಮಾರು 7 ಡಿಗ್ರಿಯ ಕೆಳಗೆ ಹೀಗೇ ಬಿರುಸಾಗುತ್ತದೆ. ರಸ್ತೆ ಒಣಗಿದ್ದರೂ ಹಿಡಿತ ಕಡಿಮೆ. ಚಳಿಗಾಲದ ಟಯರಿನ ರಬ್ಬರ್ ಸೊನ್ನೆಯ ಕೆಳಗೂ ಮೆತ್ತಗೆ ಇರುತ್ತದೆ. ಎರಡನೆಯದು, ಮೇಲ್ಮೈಯಲ್ಲಿ ಬ್ಲೇಡಿನಿಂದ ಸೀಳಿದಂಥ ನೂರಾರು ಸಣ್ಣ ಗೀರುಗಳು. ಚಕ್ರ ಉರುಳುವಾಗ ಇವು ಬಿಚ್ಚಿಕೊಂಡು ಹಿಮವನ್ನು ಕಚ್ಚುತ್ತವೆ. ಗೀರಿನೊಳಗೆ ಕೂತ ಹಿಮ ನೆಲದ ಹಿಮಕ್ಕೆ ಅಂಟಿಕೊಂಡು ಹಿಡಿತ ಕೊಡುತ್ತದೆ. ಹಾಗಾಗಿ ಟಯರಿನಲ್ಲಿ ಹಿಮ ತುಂಬಿಕೊಂಡಿದೆ ಎಂದು ಕೆರೆದು ತೆಗೆಯುವುದು ಬೇಡ.

ಕೊಳ್ಳುವಾಗ ಟಯರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು, ಈ ಚಿತ್ರ ಇರಲೇಬೇಕು. ಬರೀ ‘ಎಂ ಪ್ಲಸ್ ಎಸ್’ ಎಂಬ ಅಕ್ಷರ ಸಾಲದು. ಅದು ಕೆಸರು-ಹಿಮ ಎಂದು ತಯಾರಕರೇ ಬರೆದುಕೊಳ್ಳುವ ಗುರುತು, ಪರೀಕ್ಷೆ ಪಾಸಾದ ಗುರುತಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಚಳಿಗಾಲದ ಟಯರ್ ಎಂದು ಲೆಕ್ಕಕ್ಕೆ ಬರುವುದು ಬೆಟ್ಟದ ಚಿತ್ರ ಇರುವುದು ಮಾತ್ರ. ಅಲ್ಲಿಯ ಕಾನೂನು ತಾರೀಕು ಹಿಡಿದು ಹೇಳುವುದಿಲ್ಲ. ರಸ್ತೆಯಲ್ಲಿ ಹಿಮ, ಕೆಸರಾದ ಹಿಮ, ಮಂಜುಗಡ್ಡೆ ಇದ್ದಾಗ ಕಡ್ಡಾಯ ಎನ್ನುತ್ತದೆ. ತಪ್ಪಿದರೆ 60 ಯೂರೊ ದಂಡ, ಲೈಸೆನ್ಸಿನ ಲೆಕ್ಕದಲ್ಲಿ ಒಂದು ಪಾಯಿಂಟ್. ಬೇರೆಯವರಿಗೆ ಅಡ್ಡಿಯಾದರೆ 80. ಅಕ್ಟೋಬರಿನಿಂದ ಈಸ್ಟರ್ ತನಕ ಹಾಕಿಡುವುದು ಅಲ್ಲಿನವರ ರೂಢಿ. ಮ್ಯೂನಿಕ್‌ನವರು ವಾರಾಂತ್ಯಕ್ಕೆ ಆಸ್ಟ್ರಿಯಾ ಕಡೆ ಹೋಗುವುದು ಇದ್ದದ್ದೇ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ನಡುವೆ ಚಳಿಗಾಲದ ಸ್ಥಿತಿ ಇದ್ದಾಗ ಕಡ್ಡಾಯ, ಮತ್ತು ಟಯರಿನ ಮೇಲ್ಮೈಯ ಕಾಲುವೆ ಕನಿಷ್ಠ 4 ಮಿ.ಮೀ. ಆಳ ಇರಬೇಕು. ಜರ್ಮನಿಯ ಕಾನೂನಿನ ಮಿತಿ 1.6 ಮಿ.ಮೀ., ಆದರೆ ಅಷ್ಟು ಸವೆದ ಟಯರ್ ಹಿಮದಲ್ಲಿ ಇದ್ದೂ ಇಲ್ಲದಂತೆ. 4ಕ್ಕೆ ಇಳಿದಾಗಲೇ ಬದಲಿಸಲಿ.

ಇನ್ನು ಅಳತೆ. ಬೇಸಿಗೆಯಲ್ಲಿ ಅಗಲ ಟಯರ್ ಚಂದ, ಹಿಮದಲ್ಲಿ ಸಪೂರವೇ ಒಳ್ಳೆಯದು. ಅದೇ ಭಾರ ಕಡಿಮೆ ಜಾಗದ ಮೇಲೆ ಬಿದ್ದು ಟಯರ್ ಮೇಲಿನ ಸಡಿಲ ಹಿಮವನ್ನು ಸೀಳಿ ಕೆಳಗಿನ ಗಟ್ಟಿಗೆ ಮುಟ್ಟುತ್ತದೆ. ಮಗನದ್ದು 2012ರ ನಂತರದ ಎಫ್30 ಮಾದರಿಯಾಗಿದ್ದು 18 ಇಂಚಿನ ರಿಮ್ ಇದ್ದರೆ ಮುಂದೆ 225/45, ಹಿಂದೆ 255/40 ಇರುವ ಸಾಧ್ಯತೆ ಹೆಚ್ಚು (ಮೊದಲ ಅಂಕಿ ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ಶೇಕಡಾ ಎಷ್ಟು ಎಂದು, ‘ಆರ್’ ಆದ ಮೇಲಿನದ್ದು ರಿಮ್ಮಿನ ಇಂಚು). ಚಳಿಗಾಲಕ್ಕೆ ಆ ಅಗಲದ ಜೋಡಿ ಬಿಟ್ಟು ನಾಲ್ಕೂ ಕಡೆ 225/50 ಆರ್17 ಅಥವಾ 205/60 ಆರ್16 ಹಾಕುವುದು ಜಾಣತನ. ಟಯರಿನ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬೆಲೆಯೂ ಇಳಿಯುತ್ತದೆ, ಹಿಂದೆ-ಮುಂದೆ ಅದಲುಬದಲು ಮಾಡಲಿಕ್ಕೂ ಆಗುತ್ತದೆ. ಆದರೆ ಆ ಗಾಡಿಗೆ ಯಾವ ಅಳತೆ ಮಂಜೂರಾಗಿದೆ ಎಂದು ಗಾಡಿಯ ಸಿಒಸಿ ಕಾಗದದಲ್ಲಿ (ಗಾಡಿ ನಿಯಮದಂತೆ ಇದೆ ಎಂದು ತಯಾರಕರು ಕೊಡುವ ಪತ್ರ) ನೋಡಿಯೇ ಕೊಳ್ಳಬೇಕು. ಬ್ರೇಕ್ ದೊಡ್ಡದಿದ್ದರೆ 16 ಇಂಚಿನ ರಿಮ್ ಒಳಗೆ ಕೂರುವುದಿಲ್ಲ.

ಸಾಧ್ಯವಿದ್ದರೆ ಬೇರೆಯೇ ನಾಲ್ಕು ರಿಮ್ ತೆಗೆದುಕೊಳ್ಳಲಿ. ಪ್ರತಿ ಸಲ ಟಯರ್ ಕಳಚಿ ಹಾಕುವ ಕೂಲಿ ಉಳಿಯುತ್ತದೆ, ಅಂಚು ಹರಿಯುವ ಭಯ ಇಲ್ಲ. ಬೋಲ್ಟುಗಳನ್ನು 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ನೋಡಬೇಕು. ಗಾಳಿಯ ಸೆನ್ಸರನ್ನು ಮೆನುವಿನಲ್ಲಿ ರೀಸೆಟ್ ಮಾಡಬೇಕು. ಟಯರಿನ ವೇಗದ ಅಕ್ಷರ (ಟಿ ಎಂದರೆ 190, ಎಚ್ ಎಂದರೆ 210) ಗಾಡಿಯ ಗರಿಷ್ಠ ವೇಗಕ್ಕಿಂತ ಕೆಳಗಿದ್ದರೆ ಜರ್ಮನಿಯಲ್ಲಿ ಚಳಿಗಾಲದ ಟಯರಿಗೆ ಅವಕಾಶ ಉಂಟು, ಆದರೆ ಆ ಮಿತಿ ಬರೆದ ಚೀಟಿ ಚಾಲಕನ ಕಣ್ಣಿಗೆ ಬೀಳುವಲ್ಲಿ ಅಂಟಿಸಿರಬೇಕು. ಇನ್ನೊಂದು: 20 ಡಿಗ್ರಿಯ ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿದ ಗಾಳಿ ಹೊರಗೆ ಮೈನಸ್ 10ಕ್ಕೆ ಬಂದಾಗ ಸುಮಾರು 5 ಪಿಎಸ್‌ಐ ಇಳಿದಿರುತ್ತದೆ. ಗಾಳಿ ನೋಡುವುದು ಬೆಳಿಗ್ಗೆ, ಹೊರಗೆ, ಗಾಡಿ ಓಡಿಸುವ ಮೊದಲು.

ಪ್ರಶ್ನೆ: ಮುಂದಿನ ವರ್ಷ ಓದಲಿಕ್ಕೆ ಮಾಂಟ್ರಿಯಲ್‌ಗೆ ಹೋಗುತ್ತಿದ್ದೇನೆ. ಅಲ್ಲಿರುವ ಸಂಬಂಧಿಕರ ಹಳೆಯ ಮಸ್ಟಾಂಗ್ ಸಿಗುತ್ತದೆ. ಹಿಮದಲ್ಲಿ ಓಡಿಸಲಿಕ್ಕೇ ಆಗದು ಎಂದು ಕೆಲವರು ಹೆದರಿಸುತ್ತಾರೆ. ನಿಜವಾ? (ಮಣಿಪಾಲದ ವಿದ್ಯಾರ್ಥಿ)

ಟಯರ್ ಸರಿ ಇದ್ದರೆ ಓಡಿಸಬಹುದು, ಪಾದ ಹಗುರ ಇರಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರ್ ಕಡ್ಡಾಯ, ಬೆಟ್ಟದ ಚಿತ್ರ ಇದ್ದದ್ದೇ ಆಗಬೇಕು. ಅಲ್ಲಿ ‘ಆಲ್ ಸೀಸನ್’ ಮತ್ತು ‘ಆಲ್ ವೆದರ್’ ಎಂದು ಎರಡು ಬಗೆ ಮಾರುತ್ತಾರೆ, ಕಿವಿಗೆ ಒಂದೇ ಕೇಳುತ್ತದೆ. ಎರಡನೆಯದಕ್ಕೆ ಬೆಟ್ಟದ ಚಿತ್ರ ಇರುತ್ತದೆ, ಮೊದಲನೆಯದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಮಸ್ಟಾಂಗಿಗೆ ಎರಡೂ ಬೇಡ, ಅಪ್ಪಟ ಚಳಿಗಾಲದ ಟಯರನ್ನೇ ಹಾಕಿ.

ಆ ಗಾಡಿಯಲ್ಲಿ ಎಂಜಿನ್ ಮುಂದೆ, ಹಿಂಭಾಗ ಹಗುರ. ಎಂಜಿನ್ ತಿರುಗಿಸುವ ಚಕ್ರದ ಮೇಲೆ ಭಾರ ಕಡಿಮೆ, ಎಂಜಿನಿನ ಶಕ್ತಿ ಜಾಸ್ತಿ. ಹೊರಡುವಾಗ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದಂತೆ ಇಡಬೇಕು. ಮ್ಯಾನುವಲ್ ಆದರೆ ಎರಡನೇ ಗೇರಿನಲ್ಲಿ ಹೊರಡಿ, ಆಟೋಮ್ಯಾಟಿಕ್ ಆದರೆ ಹಿಮದ ಮೋಡ್ ಹಾಕಿ. ಚಕ್ರ ಗಿರಗಿರ ತಿರುಗಿದರೆ ಇನ್ನೂ ಒತ್ತುವುದು ಎಲ್ಲರೂ ಮಾಡುವ ತಪ್ಪು. ಬಿಸಿಯಾದ ಟಯರ್ ಹಿಮವನ್ನು ಕರಗಿಸಿ, ಆ ನೀರು ಮತ್ತೆ ಹೆಪ್ಪುಗಟ್ಟಿ, ಚಕ್ರದ ಅಡಿಯಲ್ಲೇ ಕನ್ನಡಿಯಂಥ ಗುಂಡಿ ಮಾಡುತ್ತದೆ. ಸಿಕ್ಕಿಕೊಂಡಾಗ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡಿ, ಮುಂದೆ-ಹಿಂದೆ ಮೆಲ್ಲಗೆ ತೂಗಿ ಹೊರಗೆ ತನ್ನಿ. ಬಂದ ಕೂಡಲೇ ಮತ್ತೆ ಆನ್ ಮಾಡಿ. ಮರೆತು ಹೆದ್ದಾರಿಗೆ ಹೋಗಬಾರದು.

ಹೊಸಬರು ನಿಜವಾಗಿ ಬೀಳುವುದು ಹೊರಡುವಲ್ಲಿ ಅಲ್ಲ, ಕಾಲು ತೆಗೆಯುವಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಚಕ್ರದ ಗಾಡಿಯಲ್ಲಿ ಎಂಜಿನ್ ಬ್ರೇಕ್ ಕೆಲಸ ಮಾಡುವುದೂ ಹಿಂದಿನ ಚಕ್ರದ ಮೇಲೆ ಮಾತ್ರ. ತಿರುವಿನಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲು ಫಕ್ಕನೆ ಎತ್ತಿದರೆ, ಅಥವಾ ಕೆಳಗಿನ ಗೇರಿಗೆ ಹಾಕಿ ಕ್ಲಚ್ ದಡಕ್ಕನೆ ಬಿಟ್ಟರೆ, ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ ಆಗುತ್ತದೆ. ಅದೇ ಹೊತ್ತಿಗೆ ಭಾರ ಮುಂದಕ್ಕೆ ವಾಲಿ ಹಿಂಭಾಗ ಇನ್ನಷ್ಟು ಹಗುರ. ಬಾಲ ಬೀಸುತ್ತದೆ. ಹಾಗಾಗಿ ವೇಗ ಇಳಿಸುವ ಕೆಲಸವೆಲ್ಲ ತಿರುವಿಗೆ ಮೊದಲು, ಸ್ಟೇರಿಂಗ್ ನೇರ ಇರುವಾಗಲೇ ಮುಗಿಯಬೇಕು. ತಿರುವಿನೊಳಗೆ ಆಕ್ಸಿಲರೇಟರ್ ಹಾಗೇ, ಸ್ವಲ್ಪವೇ.

ಬಾಲ ಬೀಸಿತು ಎಂದಿಟ್ಟುಕೊಳ್ಳಿ. ಬ್ರೇಕ್ ಮುಟ್ಟಬೇಡಿ. ಕ್ಲಚ್ ಇದ್ದರೆ ಪೂರ್ತಿ ಒತ್ತಿ; ಹಿಂದಿನ ಚಕ್ರ ಎಳೆತವೂ ಇಲ್ಲದೆ ತಡೆಯೂ ಇಲ್ಲದೆ ಸ್ವತಂತ್ರವಾಗಿ ಉರುಳಲಿ. ಹಿಂಭಾಗ ಬಲಕ್ಕೆ ಹೋದರೆ ಸ್ಟೇರಿಂಗ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ, ಬೇಗ ಆದರೆ ಅಳತೆಯಲ್ಲಿ. ಕಣ್ಣು ನೀವು ಹೋಗಬೇಕಾದ ಕಡೆಗೆ ಇರಲಿ, ಎದುರಿನ ಕಂಬದ ಕಡೆಗಲ್ಲ. ಗಾಡಿ ನೇರವಾಗುತ್ತಿದೆ ಅನ್ನುವಾಗಲೇ ಸ್ಟೇರಿಂಗ್ ಬಿಚ್ಚಬೇಕು. ತಡವಾದರೆ ಎದುರು ದಿಕ್ಕಿಗೆ ಎರಡನೇ ಬೀಸು ಬರುತ್ತದೆ, ಅದು ಮೊದಲಿನದಕ್ಕಿಂತ ಜೋರು. ಇದನ್ನು ಓದಿ ಕಲಿಯಲಿಕ್ಕೆ ಆಗುವುದಿಲ್ಲ. ಮೊದಲ ಹಿಮ ಬಿದ್ದ ದಿನ, ಅನುಮತಿ ಇರುವ ಖಾಲಿ ಮೈದಾನದಲ್ಲಿ 20-30 ಕಿ.ಮೀ. ವೇಗದಲ್ಲಿ ಒಂದು ಗಂಟೆ ಮಾಡಿ ನೋಡಿ.

ಚಳಿ ಹೆಚ್ಚಾದಷ್ಟೂ ಜಾರುವುದು ಹೆಚ್ಚು ಎಂದು ನಾವು ಇಲ್ಲಿ ಕೂತು ತಿಳಿಯುತ್ತೇವೆ. ಹಾಗಲ್ಲ. ಅತಿ ಹೆಚ್ಚು ಜಾರುವುದು ಸೊನ್ನೆಯ ಆಸುಪಾಸಿನಲ್ಲಿ, ಮಂಜುಗಡ್ಡೆಯ ಮೇಲೆ ನೀರಿನ ಪೊರೆ ಇರುವಾಗ. ಮೈನಸ್ 15ರ ಮಂಜುಗಡ್ಡೆ ಅದಕ್ಕಿಂತ ವಾಸಿ. ಸೇತುವೆಗಳಿಗೆ ಅಡಿಯಿಂದಲೂ ಗಾಳಿ ತಾಗುವುದರಿಂದ ರಸ್ತೆಗಿಂತ ಮೊದಲು ಅವು ಹೆಪ್ಪುಗಟ್ಟುತ್ತವೆ.

ಪ್ರಶ್ನೆ: ಡಿಕ್ಕಿಯಲ್ಲಿ ಮರಳು ಮೂಟೆ ಇಡುವುದು ಒಳ್ಳೆಯದಾ? (ಅದೇ ಓದುಗರು)

ಸಹಾಯ ಆಗುತ್ತದೆ, ಆದರೆ ಟಯರಿಗೆ ಬದಲಿ ಅಲ್ಲ. ಒಂದು ಸಿಮೆಂಟ್ ಚೀಲದಷ್ಟು, 50 ಕೆ.ಜಿ. ಸಾಕು. ಹಿಂದಿನ ಆಕ್ಸಲಿನ ನೇರ ಮೇಲೆ ಅಥವಾ ತುಸು ಮುಂದೆ ಇಟ್ಟು ಬಿಗಿಯಾಗಿ ಕಟ್ಟಿ. ಬಂಪರಿನ ಹತ್ತಿರ ಇಟ್ಟರೆ ಮುಂದಿನ ಚಕ್ರದ ಭಾರ ಎತ್ತಿದಂತಾಗಿ ಸ್ಟೇರಿಂಗ್ ಮಂಕಾಗುತ್ತದೆ, ಬಾಲ ಬೀಸಿದಾಗ ಲೋಲಕದ ಹಾಗೆ ಇನ್ನಷ್ಟು ಎಳೆಯುತ್ತದೆ. ಹೂತಾಗ ಚಕ್ರದ ಅಡಿಗೆ ಚೆಲ್ಲಲಿಕ್ಕೂ ಆ ಮರಳೇ ಆಗುತ್ತದೆ. ಒಣ ಮರಳು ಇರಲಿ. ಒದ್ದೆ ಮರಳು ಅಲ್ಲಿ ರಾತ್ರಿ ಕಳೆಯುವುದರೊಳಗೆ ಕೆಂಪುಕಲ್ಲಿನಷ್ಟು ಗಟ್ಟಿ.

ಪ್ರಶ್ನೆ: ನನ್ನದು ಬೊಲೆರೊ. ಹೊರದೇಶದಿಂದ ಬಂದ ಸೆಕೆಂಡ್‌ಹ್ಯಾಂಡ್ ಚಳಿಗಾಲದ ಟಯರ್ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಹಿಮದಲ್ಲೇ ಹಿಡಿಯುವ ಟಯರ್ ನಮ್ಮ ಮಳೆಗೆ ಹಿಡಿಯದಾ? (ಕಾರ್ಕಳ)

ಹಿಡಿಯದು. ತೆಗೆದುಕೊಳ್ಳಬೇಡಿ.

ಆ ರಬ್ಬರ್ ಮಾಡಿರುವುದು 7 ಡಿಗ್ರಿಯ ಕೆಳಗಿನ ಲೋಕಕ್ಕೆ. ಕಾರ್ಕಳದಲ್ಲಿ ಜುಲೈ ಮಳೆಯ ರಾತ್ರಿಯೂ 20ಕ್ಕಿಂತ ಮೇಲೆ ಇರುತ್ತದೆ. ಆ ಬಿಸಿಗೆ ಚಳಿಗಾಲದ ಟಯರ್ ಮೆತ್ತಗಾಗಿ, ಗೀರು ಗೀರಾಗಿರುವ ಅದರ ಮೇಲ್ಮೈ ಬ್ರೇಕ್ ಒತ್ತಿದಾಗ ಅತ್ತಿತ್ತ ಬಾಗುತ್ತದೆ. ನಿಲ್ಲುವ ದೂರ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಬೇಸಿಗೆಯಲ್ಲಿ ರಬ್ಬರು ಪೆನ್ಸಿಲಿನ ರಬ್ಬರಿನಂತೆ ಸವೆದು ಹೋಗುತ್ತದೆ. ಮೇಲಾಗಿ ನಮ್ಮಲ್ಲಿ ಮಾರುವ ಟಯರಿಗೆ ಐಎಸ್‌ಐ ಗುರುತು ಕಡ್ಡಾಯ, ಅಲ್ಲಿ ಬಳಸಿ ಬಿಟ್ಟ ಟಯರಿಗೆ ಅದು ಎಲ್ಲಿಂದ ಬರಬೇಕು?

ಬೊಲೆರೊದ 215/75 ಆರ್15 ಅಳತೆಯಲ್ಲಿ ರಸ್ತೆಗೆಂದೇ ಮಾಡಿದ ಟಯರುಗಳು ಇವೆ. ಅದರಲ್ಲಿ ಉದ್ದುದ್ದ ನಾಲ್ಕು ನೀರುಗಾಲುವೆ ಇರುವ, ಪಕ್ಕೆಯಲ್ಲಿ ‘ಟ್ರ್ಯಾಕ್ಷನ್ ಎ’ ಎಂದು ಒತ್ತಿರುವ ಟಯರ್ ನೋಡಿ. ಆ ಅಕ್ಷರ ಒದ್ದೆ ರಸ್ತೆಯ ಹಿಡಿತದ ದರ್ಜೆ. ಅದರ ಪಕ್ಕದ ‘ಟ್ರೆಡ್‌ವೇರ್’ ಸಂಖ್ಯೆ ದೊಡ್ಡದಿದ್ದಷ್ಟೂ ಬಾಳಿಕೆ ಹೆಚ್ಚು, ರಬ್ಬರ್ ಗಟ್ಟಿ. ಅಂಗಡಿಯವರು ಹೊಗಳುವುದು ಯಾವಾಗಲೂ ಎರಡನೆಯದನ್ನು. ಕರಾವಳಿಯವರು ಮೊದಲನೆಯದನ್ನು ಓದಬೇಕು. ದಪ್ಪ ದಪ್ಪ ಗುಬ್ಬಿ ಇರುವ ಕೆಸರಿನ ಟಯರ್ ತೋಟದ ಮಣ್ಣುದಾರಿಗೆ ಸರಿ, ಶಿರಾಡಿಯ ಒದ್ದೆ ಕಾಂಕ್ರೀಟಿನ ಮೇಲೆ ಅದಕ್ಕೆ ತಾಗುವ ರಬ್ಬರೇ ಕಡಿಮೆ. ದಿನಾ ತೋಟದೊಳಗೆ ಹೋಗುವುದಿದ್ದರೆ ಮಾತ್ರ ಅದನ್ನು ಯೋಚಿಸಿ.

ಪ್ರಶ್ನೆ: ಜನವರಿಯಲ್ಲಿ ಇನ್ನೋವಾ ಕ್ರಿಸ್ಟಾದಲ್ಲಿ ಕುಟುಂಬ ಸಮೇತ ಮನಾಲಿಗೆ ಹೋಗುವ ಆಲೋಚನೆ. ಟಯರ್ ಬದಲಿಸಬೇಕಾ, ಚೈನ್ ಸಾಕಾ? (ಕುಂದಾಪುರ)

ಎರಡೂವರೆ ಸಾವಿರ ಕಿ.ಮೀ. ಮೀರಿದ ದಾರಿಯಲ್ಲಿ ಹಿಮ ಸಿಗುವುದು ಕೊನೆಯ ತುಂಡಿನಲ್ಲಿ. ಅದಕ್ಕಾಗಿ ಚಳಿಗಾಲದ ಟಯರ್ ಹಾಕಿ ಇಡೀ ದೇಶ ದಾಟುವುದು ದಂಡ. 4 ಮಿ.ಮೀ.ಗಿಂತ ಹೆಚ್ಚು ಉಳಿದ ನಿಮ್ಮ ಮಾಮೂಲಿ ಟಯರಿನಲ್ಲೇ ಹೋಗಿ, ಜತೆಗೆ ಒಂದು ಜೊತೆ ಚೈನ್ ಇಟ್ಟುಕೊಳ್ಳಿ. ಅಳತೆ ಹೇಳಿಯೇ ಕೊಳ್ಳಬೇಕು. ಕ್ರಿಸ್ಟಾದಲ್ಲಿ 205/65 ಆರ್16 ಮತ್ತು 215/55 ಆರ್17 ಎರಡೂ ಉಂಟು, ಒಂದರ ಚೈನ್ ಇನ್ನೊಂದಕ್ಕೆ ಆಗದು.

ಚೈನ್ ಹಾಕುವುದು ಹಿಂದಿನ ಚಕ್ರಕ್ಕೆ. ಇನ್ನೋವಾ ಹೈಕ್ರಾಸ್ ಇದ್ದವರು ಮುಂದಿನದಕ್ಕೆ, ಅದು ಮುಂದಿನ ಚಕ್ರದ ಗಾಡಿ. ಹೆಸರು ಒಂದೇ ಎಂದು ಗೊಂದಲ ಬೇಡ. ಹೊರಡುವ ಮೊದಲು ಮನೆಯಂಗಳದಲ್ಲಿ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ. ಮರಗಟ್ಟಿದ ಬೆರಳಿನಲ್ಲಿ, ಹಿಂದಿನವರ ಹಾರ್ನಿನ ನಡುವೆ ಮೊದಲ ಪಾಠ ಬೇಡ. ಚೈನನ್ನು ಸಿಕ್ಕು ಬಿಡಿಸಿ ಚಕ್ರದ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು. ನಾಲ್ಕೈದು ಮೀಟರ್ ಮುಂದೆ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿತ ಬಿಟ್ಟವರ ಚೈನ್ ಕಳಚಿ ಬ್ರೇಕಿನ ಪೈಪಿಗೆ ಸುತ್ತಿಕೊಳ್ಳುತ್ತದೆ. ವೇಗ 30 ಸಾಕು. ಡಾಮರು ಕಂಡ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಚೈನೂ ಟಯರೂ ಎರಡೂ ಹಾಳು. ಮತ್ತು ನೆನಪಿರಲಿ, ಹಿಂದೆ ಚೈನ್ ಕಟ್ಟಿದ ಗಾಡಿ ಏರು ಹತ್ತುತ್ತದೆ, ಇಳಿಯುವಾಗ ಚೈನ್ ಇಲ್ಲದ ಮುಂದಿನ ಚಕ್ರದ ಹಿಡಿತ ಕಡಿಮೆಯೇ ಇರುತ್ತದೆ. ಮನಾಲಿಯಿಂದ ಮೇಲೆ, ಅಟಲ್ ಸುರಂಗದ ಕಡೆ ಹೊಸ ಹಿಮ ಬಿದ್ದ ದಿನ ಪೊಲೀಸರು ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಬಿಡುವುದುಂಟು. ಆ ತುಂಡಿಗೆ ಅಲ್ಲಿಯ ಗಾಡಿ, ಅಲ್ಲಿಯ ಚಾಲಕರನ್ನು ಹಿಡಿಯುವುದೇ ನಮ್ಮ ಸಲಹೆ.

ಟಯರಿಗಿಂತ ಮೊದಲು ರೇಡಿಯೇಟರ್ ನೋಡಿ. ನಮ್ಮ ಕಡೆ ಕೂಲಂಟ್ ಕಮ್ಮಿಯಾದರೆ ಬಾವಿ ನೀರು ಹೊಯ್ಯುವ ಅಭ್ಯಾಸ ಉಂಟು. ಇಲ್ಲಿ ನಡೆಯುತ್ತದೆ. ಅಲ್ಲಿ ರಾತ್ರಿ ಆ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಉಬ್ಬಿ ರೇಡಿಯೇಟರ್ ಒಡೆಯುತ್ತದೆ, ಎಂಜಿನ್ ಬ್ಲಾಕೇ ಬಿರುಕು ಬಿಟ್ಟರೆ ಮುಗಿಯಿತು. ಪೂರ್ತಿ ಖಾಲಿ ಮಾಡಿಸಿ ಕೂಲಂಟ್ ಮತ್ತು ಶುದ್ಧೀಕರಿಸಿದ ನೀರು ಅರ್ಧರ್ಧ ತುಂಬಿಸಿ. ಹೀಗೆ ಬೆರೆಸಿದ ಮಿಶ್ರಣ ಮೈನಸ್ 35ರವರೆಗೆ ಕಟ್ಟಿಕೊಳ್ಳುವುದಿಲ್ಲ. ವೈಪರಿನ ನೀರಿಗೂ ಇದೇ ಪಾಡು, ಅದಕ್ಕೆ ಬೇರೆ ದ್ರವ ಸಿಗುತ್ತದೆ. ಡೀಸೆಲ್ ಮೇಲಿನ ಊರಿನ ಪಂಪಿನಲ್ಲೇ ತುಂಬಿಸಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒದ್ದೆ ಡ್ರಮ್ಮಿನಲ್ಲಿ ಹಿಂದಿನ ಬ್ರೇಕ್ ಕಚ್ಚಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಡಿ ಅಲ್ಲಾಡುವುದಿಲ್ಲ.

ಪ್ರಶ್ನೆ: ಮಳೆಗಾಲಕ್ಕೆ ಎರಡೇ ಹೊಸ ಟಯರ್ ಹಾಕಿಸುವಷ್ಟು ಹಣ ಉಂಟು. ಸ್ಟೇರಿಂಗ್ ಮುಂದೆ ಇರುವುದರಿಂದ ಹೊಸದು ಮುಂದಕ್ಕೆ ಎಂದರು ಅಂಗಡಿಯವರು. ಸರಿಯಾ? (ಸುರತ್ಕಲ್)

ಹಿಂದಕ್ಕೆ. ನಿಮ್ಮ ಗಾಡಿ ಯಾವುದೇ ಇರಲಿ, ಹಿಂದಕ್ಕೆ.

ಪಡುಬಿದ್ರಿ ಕಡೆ ಹೆದ್ದಾರಿ 66ರಲ್ಲಿ ನೀರು ನಿಂತ ಜಾಗಕ್ಕೆ ನುಗ್ಗಿದಾಗ ಮುಂದಿನ ಟಯರ್ ತೇಲಿದರೆ ಸ್ಟೇರಿಂಗ್ ಹಗುರ ಆದದ್ದು ಕೈಗೆ ಗೊತ್ತಾಗುತ್ತದೆ. ಕಾಲು ಮೆಲ್ಲಗೆ ತೆಗೆದರೆ ಗಾಡಿ ನೇರ ಹೋಗಿ ಮತ್ತೆ ನೆಲ ಹಿಡಿಯುತ್ತದೆ. ಹಿಂದಿನ ಟಯರ್ ತೇಲಿದರೆ ಮುನ್ಸೂಚನೆ ಎಂಬುದೇ ಇಲ್ಲ. ಗೊತ್ತಾಗುವಾಗ ಗಾಡಿ ಅಡ್ಡ ತಿರುಗಿ ಆಗಿರುತ್ತದೆ. ಅದರಲ್ಲೂ ಹಿಂದಿನ ಚಕ್ರಕ್ಕೆ ಎಂಜಿನ್ ಎಳೆತವೂ ಇದ್ದರೆ ಕೇಳುವುದೇ ಬೇಡ.

ಗಾಳಿಯೂ ಮುಖ್ಯ. ಪೂರ್ತಿ ಬೋಳಾದ ಟಯರ್ ಆಳ ನೀರಿನ ಮೇಲೆ ಯಾವ ವೇಗಕ್ಕೆ ತೇಲುತ್ತದೆ ಎನ್ನಲು ನಾಸಾದ ವಿಮಾನ ಟಯರ್ ಪ್ರಯೋಗಗಳಿಂದ ಬಂದ ಒಂದು ಸೂತ್ರ ಉಂಟು. ಅದರ ಪ್ರಕಾರ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ., 25ಕ್ಕೆ ಇಳಿದರೆ 83. ಮಳೆಗೆ ಗಾಳಿ ಕಡಿಮೆ ಇಟ್ಟರೆ ಹಿಡಿತ ಜಾಸ್ತಿ ಎಂದು ಹೇಳುವವರ ಮಾತು ಅಲ್ಲಿಗೆ ಬಿತ್ತು. ನಮ್ಮಲ್ಲೂ ಕಾನೂನಿನ ಮಿತಿ 1.6 ಮಿ.ಮೀ., ಆದರೆ ಕರಾವಳಿಯ ಮಳೆಗೆ 3ಕ್ಕೆ ಬಂದಾಗ ಬದಲಿಸಿ. ನಾಲ್ಕೂ ಒಟ್ಟಿಗೆ ಸವೆಯಬೇಕಾದರೆ 8-10 ಸಾವಿರ ಕಿ.ಮೀ.ಗೊಮ್ಮೆ ಅದಲುಬದಲು ಮಾಡಿ: ಹಿಂದಿನ ಚಕ್ರದ ಗಾಡಿಯಲ್ಲಿ ಹಿಂದಿನವು ನೇರ ಮುಂದಕ್ಕೆ, ಮುಂದಿನವು ಬದಿ ಬದಲಿಸಿ ಹಿಂದಕ್ಕೆ. ಪಕ್ಕೆಯಲ್ಲಿ ಬಾಣದ ಗುರುತಿರುವ ಟಯರ್ ಆದರೆ ಬದಿ ಬದಲಿಸುವ ಹಾಗಿಲ್ಲ.

ಪ್ರಶ್ನೆ: ಈಕೋದಲ್ಲಿ ಸಾಮಾನು ಇಳಿಸಿ ಖಾಲಿ ಬರುವಾಗ ಆಗುಂಬೆ ಘಾಟಿಯಲ್ಲಿ ಹಿಂಭಾಗ ಜಾರುತ್ತದೆ. ಹತ್ತುವಾಗ ಇಲ್ಲ, ಇಳಿಯುವಾಗ. ಟಯರ್ ಹೊಸದು. (ಹೆಬ್ರಿ)

ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತದೆ, ಎಳೆಯುವ ಚಕ್ರಕ್ಕೆ ಅದು ಅನುಕೂಲ. ಇಳಿಯುವಾಗ ಎಲ್ಲ ಉಲ್ಟಾ. ಭಾರ ಮುಂದಕ್ಕೆ, ಖಾಲಿ ಹಿಂಭಾಗ ತೇಲಿದ ಹಾಗೆ, ಮತ್ತು ಎಂಜಿನ್ ಬ್ರೇಕ್ ಪೂರ್ತಿ ಆ ಹಗುರ ಚಕ್ರದ ಮೇಲೆ. ಮಣಿಪಾಲದ ವಿದ್ಯಾರ್ಥಿಗೆ ಹಿಮದ ಬಗ್ಗೆ ಹೇಳಿದ್ದೇ ನಿಮ್ಮ ಘಾಟಿಯ ಪಾಚಿ ಕಟ್ಟಿದ ದಾರಿಗೂ ಅನ್ವಯ.

ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯರ ಮಾತು ಸರಿ. ತಪ್ಪುವುದು ಗೇರ್ ಹಾಕುವ ಜಾಗದಲ್ಲಿ. ಹೇರ್‌ಪಿನ್‌ನೊಳಗೆ ಹೋಗಿ ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಅದೂ ಮರದ ನೆರಳಿನ ಪಾಚಿ ಕಟ್ಟಿದ ಒಳಬದಿಯಲ್ಲಿ, ಹಿಂಭಾಗ ಜಾರದೆ ಎಂತ ಮಾಡೀತು? ತಿರುವಿಗೆ 30-40 ಮೀಟರ್ ಮೊದಲೇ, ನೇರ ದಾರಿಯಲ್ಲಿ ಬ್ರೇಕ್ ಹಿಡಿದು ವೇಗ ಇಳಿಸಿ. ಗೇರ್ ಇಳಿಸುವಾಗ ಆಕ್ಸಿಲರೇಟರ್ ಒಂದು ಚೂರು ಕೊಟ್ಟು ಎಂಜಿನ್ ವೇಗ ಏರಿಸಿ, ಆಮೇಲೆ ಕ್ಲಚ್ ನಿಧಾನ ಬಿಡಿ. ತಿರುವಿನೊಳಗೆ ಗೇರಿಗೆ ಕೈ ಬೇಡ. ಒಳ ಅಂಚಿನ ಕೊಳೆತ ಎಲೆಗಳನ್ನು ತಪ್ಪಿಸಿ. ಆಗುಂಬೆಯಲ್ಲಿ ಇಂಥ ತಿರುವು 14 ಇವೆ, ಪ್ರತಿಯೊಂದಕ್ಕೂ ಇದೇ ಕ್ರಮ. ಹಿಂದಿನ ಟಯರಿನ ಗಾಳಿಯನ್ನೂ ನೋಡಿ: ಲೋಡಿಗೆಂದು ಏರಿಸಿದ ಗಾಳಿಯಲ್ಲೇ ಖಾಲಿ ಬರುತ್ತಿದ್ದೀರಿ ಎಂದು ನಮ್ಮ ಅನುಮಾನ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ನೋಡಿ, ಅದರಂತೆ ಇಡಿ.

ಪ್ರಶ್ನೆ: ಮಹೀಂದ್ರಾ ಬಿಇ 6 ತೆಗೆದುಕೊಂಡಿದ್ದೇವೆ. ಎಲೆಕ್ಟ್ರಿಕ್ ಗಾಡಿಗೂ ಇದೆಲ್ಲ ಉಂಟಾ? (ಬಿಜೈ, ಮಂಗಳೂರು)

ಉಂಟು. ಮೋಟಾರು ಹಿಂದಿನ ಚಕ್ರಕ್ಕೆ, ಹಾಗಾಗಿ ಕಾಲು ತೆಗೆದಾಗ ಚಾರ್ಜ್ ಆಗುತ್ತಾ ತಡೆಯುವುದೂ ಹಿಂದಿನ ಚಕ್ರವನ್ನೇ. ಜೋರು ಮಳೆಯಲ್ಲಿ ಆ ತಡೆಯನ್ನು ಕೆಳಗಿನ ಹಂತಕ್ಕೆ ಇಳಿಸಿ, ನಾಲ್ಕೂ ಚಕ್ರ ಹಿಡಿಯುವ ಬ್ರೇಕ್ ಪೆಡಲನ್ನೇ ಬಳಸಿ. ಬ್ಯಾಟರಿಯಿಂದ ಗಾಡಿ ಭಾರ. ಟಯರ್ ಬದಲಿಸುವಾಗ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಲೋಡ್ ಸಂಖ್ಯೆಯದ್ದು (ಟಯರ್ ಎಷ್ಟು ಭಾರ ಹೊರಬಲ್ಲದು ಎಂಬ ಗುರುತು) ಹಾಕಿಸಬೇಡಿ.

ಪ್ರಶ್ನೆ: ಹೊಸ ಟಯರ್ ಎಂದು ಕೊಟ್ಟದ್ದು ಹಳೆಯ ಸ್ಟಾಕ್ ಅಲ್ಲ ಎಂದು ತಿಳಿಯುವುದು ಹೇಗೆ? (ಕಾಪು)

ಪಕ್ಕೆಯಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3124 ಎಂದಿದ್ದರೆ 2024ರ 31ನೇ ವಾರ. ಆ ಸಾಲು ಪೂರ್ತಿ ಇರುವುದು ಒಂದೇ ಬದಿಯಲ್ಲಿ. ಫಿಟ್ ಮಾಡುವಾಗ ಅದು ಒಳಬದಿಗೆ ಹೋಗಿದ್ದರೆ ಬಗ್ಗಿ ನೋಡಬೇಕು, ಆದ್ದರಿಂದ ರಿಮ್ಮಿಗೆ ಹಾಕುವ ಮೊದಲೇ ಓದಿ. ಒಂದು ವರ್ಷದೊಳಗಿನದ್ದಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ಬಳಕೆಯಲ್ಲಿ ಐದಾರು ವರ್ಷ ದಾಟಿದ ಮೇಲೆ ಟಯರಿನ ಕಾಲುವೆ ಎಷ್ಟೇ ಆಳ ಉಳಿದಿದ್ದರೂ ಪಕ್ಕೆಯಲ್ಲಿ ಸಣ್ಣ ಬಿರುಕು ಉಂಟೋ ಎಂದು ವರ್ಷಕ್ಕೊಮ್ಮೆ ನೋಡಿಸಿ. ಹಾಗೆ ನೋಡಲಿಕ್ಕೆ ಬಗ್ಗಿದಾಗ ಸ್ಟೆಪ್ನಿಯ ಅಂಕಿಯನ್ನೂ ಓದಿ. ಬಳಸಿಯೇ ಇಲ್ಲ ಎಂದು ನಂಬಿ ಹತ್ತು ವರ್ಷದ ಟಯರನ್ನು ಹೊತ್ತು ತಿರುಗುವವರು ಬಹಳ ಮಂದಿ.